ಅಗಡಿಯ ಕಾಂಗೋ ಮನೆ

...ಇಲ್ಲ, ಆ ನಕಾಶೆಯಲ್ಲಿ ಜೈರೆ ಎಂದು ಬರೆದಿರಲು ಸಾಧ್ಯವೇ ಇಲ್ಲ. ಅಗಡಿಯ ನಮ್ಮ ಶಾಲೆಯ ನಕಾಶೆಗಳು ವಯಸ್ಸಿನಲ್ಲಿ ನಮಗಿಂತ ದೊಡ್ಡವು. ಮಡಿಕೆ ಮಡಿಕೆಗೂ ಬಟ್ಟೆ ಸೀಳಿತ್ತು. ಹಿಂದೂ ಮಹಾಸಾಗರದಲ್ಲಿ ತೂತು ಬಿದ್ದು, ಅಲ್ಲಿಂದ ಗೋಡೆಯ ಸುಣ್ಣ ಕಾಣುತ್ತಿತ್ತು. ಅಷ್ಟು ಹಳೆಯ ನಕಾಶೆಗೆ ಕಾಂಗೋ ದೇಶದ ಅಷ್ಟು ಹೊಸ ಹೆಸರು ಎಲ್ಲಿಂದ ಬಂದೀತು? ಆದರೂ ಕಣ್ಣು ಮುಚ್ಚಿದರೆ ಕಾಣುವುದು ಇದೇ: ಆಫ್ರಿಕಾದ ಹೊಟ್ಟೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಜೈರೆ’, ಅದರ ಮೇಲೆ ಮಾಸ್ತರರ ಬೆತ್ತದ ತುದಿ, ಪಕ್ಕದಲ್ಲಿ ಚಡ್ಡಿ ಎಳೆದುಕೊಳ್ಳುತ್ತ ನಿಂತ ನನ್ನ ಗೆಳೆಯ.

“ನಿಮ್ಮ ಮನಿ ಹೆಸರು ಕಾಂಗೋ ಅಲ್ಲೇನೋ? ಎಲ್ಲೈತಿ, ತೋರಿಸ ನೋಡೂನು.”

ಗೆಳೆಯ ಹುಡುಕಿದ. ಈಜಿಪ್ತಿನಿಂದ ಕೆಳಗೆ ಇಳಿದ, ಮಡಗಾಸ್ಕರಿನಿಂದ ಮೇಲೆ ಹತ್ತಿದ. ಸಿಗಲಿಲ್ಲ.

“ಇಲ್ಲೇ ಎಲ್ಲೋ ಇತ್ರಿ ಸರ. ನಮ್ಮ ಅಬ್ಬಾ ಹೋಗಿ ಬಂದಾರ್ರಿ.”

“ಬರೂ ಮುಂದ ಕಿಸೆದಾಗ ಇಟ್ಕೊಂಡು ಬಂದಾರೇನು ಮತ್ತ?”

ಇಡೀ ತರಗತಿ ನಕ್ಕಿತು. ಆಮೇಲೆ ಕೆಲವು ದಿನ ಅವನನ್ನು ಎಲ್ಲರೂ ಜೈರೆ ಎಂದೇ ಕರೆದರು. ಹೆಸರು ಅಂಟಲಿಲ್ಲ, ಉದುರಿಹೋಯಿತು. ಮತ್ತೆ ಕಾಂಗೋ ಆದ.

ಹೀಗೆ ನನ್ನ ನೆನಪು. ಗೆಳೆಯನನ್ನು ಕೇಳಿದರೆ ಅದು ನಕಾಶೆಯೇ ಅಲ್ಲ, ಭೂಗೋಳದ ಪುಸ್ತಕ. ಅಷ್ಟೇ ಅಲ್ಲ, “ಎದ್ದು ನಿಂತಾವ ನೀನಲೇ. ನಾ ಹಿಂದ ಕುಂತು ನಕ್ಕಾವ” ಎನ್ನುತ್ತಾನೆ. ನಗುವವನ ಜಾಗದಿಂದ ನನ್ನನ್ನು ಎಬ್ಬಿಸಿ ಅಲ್ಲಿ ತಾನು ಕುಳಿತುಬಿಟ್ಟಿದ್ದಾನೆ. ಇಬ್ಬರಲ್ಲಿ ಒಬ್ಬ ಸುಳ್ಳು ಹೇಳುತ್ತಿಲ್ಲ ಎಂಬುದು ಮಾತ್ರ ನಿಶ್ಚಿತ. ಯಾರು ಎಂದು ಕೇಳಬೇಡಿ.

ನಮ್ಮ ಕಡೆಯ ಮನೆತನದ ಅಡ್ಡಹೆಸರುಗಳ ಬಗ್ಗೆ ಎರಡು ಮಾತು ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ಇಲ್ಲಿ ಅಡ್ಡಹೆಸರನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಊರು ಕೊಡುತ್ತದೆ. ಬೆಲ್ಲ ಮಾರಿದವನ ಮೊಮ್ಮಗ ಬೆಲ್ಲವನ್ನು ಕಣ್ಣಿಂದ ನೋಡದಿದ್ದರೂ ಬೆಲ್ಲವೇ. ಹಾವೇರಿಯಿಂದ ಹೊಸರಿತ್ತಿಗೆ ಹೋಗಿ ನೆಲೆಸಿದವನು ಅಲ್ಲಿ ಹಾವೇರಿ ಆಗುತ್ತಾನೆ, ಮುಂದೆ ಅವನ ಸಂತಾನವೆಲ್ಲ ಹಾವೇರಿ. ಹೆಸರು ಮೊದಲು ಕಟ್ಟೆಯ ಮೇಲೆ ಚೇಷ್ಟೆಗೆ ಹುಟ್ಟಿ, ಆಮೇಲೆ ಶಾಲೆಯ ಹಾಜರಿಯಲ್ಲಿ ಗಂಭೀರವಾಗುತ್ತದೆ. ಹಿಂದೂ ಮುಸ್ಲಿಂ ಎಂಬ ಭೇದ ಇದಕ್ಕಿಲ್ಲ. ನನ್ನ ಗೆಳೆಯನ ತಂದೆ ಮಿಲಿಟರಿಗೆ ಸೇರಿದ್ದರು. ಆ ದೂರದ ದೇಶ ಸ್ವತಂತ್ರವಾದ ಕೂಡಲೇ ಅಲ್ಲಿ ಗಲಾಟೆ ಎದ್ದು, ಹಲವು ದೇಶಗಳು ಸೇರಿ ಶಾಂತಿ ಪಡೆ ಕಳಿಸಿದಾಗ ನಮ್ಮ ಸೈನಿಕರೂ ಹೋಗಿದ್ದರಲ್ಲ, ಅವರಲ್ಲಿ ಇವರೂ ಒಬ್ಬರು ಎಂದು ಊರು ನಂಬಿತು. ರಜೆಗೆ ಬಂದವರು ಅಗಡಿಯ ಬಸ್ ನಿಲ್ದಾಣದಲ್ಲಿ ಟ್ರಂಕು ಇಳಿಸಿ ಮನೆ ಮುಟ್ಟುವಷ್ಟರಲ್ಲಿ ಅದು ಕಾಂಗೋ ಮನೆಯಾಗಿತ್ತು.

ಅವರ ಹೆಸರು, ಗೆಳೆಯನ ಹೆಸರು ಯಾವುದನ್ನೂ ನಾನಿಲ್ಲಿ ಬರೆಯುತ್ತಿಲ್ಲ. ಬರೆದರೂ ಅಗಡಿಯಲ್ಲಿ ಯಾರಿಗೂ ಗುರುತು ಹತ್ತಲಾರದು.

ಇದನ್ನೆಲ್ಲ ಈಗ ಕೆದಕಲು ಕಾರಣ ಒಂದು ಬೋರ್ಡು. ಗೆಳೆಯ ಬಸ್ಸಿನ ಕಂಡಕ್ಟರನಾಗಿ ಕೆಲಸ ಮಾಡಿ ನಿವೃತ್ತನಾಗಿ ಹಾವೇರಿಯಲ್ಲಿದ್ದಾನೆ. ಅವನ ಒಬ್ಬಳೇ ಮಗಳು ಬ್ಯಾಡಗಿಯಲ್ಲಿ ಖಾರದ ಪುಡಿಯ ಅಂಗಡಿ ತೆರೆಯಲು ನಿಂತಳು. ಜಾಗ ಸಿಕ್ಕಿತ್ತು, ಗಿರಣಿ ಬಂದಿತ್ತು, ಮೆಣಸಿನಕಾಯಿ ಬಂದಿತ್ತು. ಅಂಗಡಿಗೆ ಹೆಸರು ಮಾತ್ರ ಇರಲಿಲ್ಲ. ಗೆಳೆಯನ ಲೆಕ್ಕದಲ್ಲಿ ಅದು ಪ್ರಶ್ನೆಯೇ ಅಲ್ಲ: ‘ಕಾಂಗೋ ಖಾರಾ’. ಮಗಳ ಲೆಕ್ಕವೇ ಬೇರೆ. ಇಬ್ಬರೂ ನ್ಯಾಯಕ್ಕೆ ನನ್ನ ಮನೆಗೆ ಬಂದರು.

“ಕಾಕಾ, ನೀವ ಹೇಳ್ರಿ” ಎಂದಳು ಅವಳು, ಇನ್ನೂ ಕುಳಿತಿರಲಿಲ್ಲ. “ಬ್ಯಾಡಗಿ ಪ್ಯಾಟ್ಯಾಗ ಕುಂತು ಕಾಂಗೋ ಖಾರಾ ಅಂತ ಬೋರ್ಡ ಹಾಕಿದ್ರ ಜನ ಏನಂತಾರ? ಹೊರಗಿನ ಕಾಯಿ ತಂದು ಬೆರಸ್ಯಾಳ ಅಂತಾರ.”

“ಹೆಸರು ನಮ್ಮ ಮನೀದು, ಕಾಯಿ ಬ್ಯಾಡಗೀದು. ಅದರಾಗೇನ ತಪ್ಪೈತಿ?” ಎಂದ ಗೆಳೆಯ.

“ತಪ್ಪಿಲ್ಲ ಅಬ್ಬಾ. ಆದ್ರ ಗಿರಾಕಿ ನಿಂತು ನಿಮ್ಮ ಕತಿ ಕೇಳೂದಿಲ್ಲ. ಬೋರ್ಡ ಓದ್ತಾನ, ಬಾಜೂಕಿನ ಅಂಗಡಿಗೆ ಹೋಗ್ತಾನ.”

ಅವಳು ಹೇಳಿದ್ದು ಖರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಗೆ ಬಣ್ಣ ಎಷ್ಟು ಮುಖ್ಯವೋ ಅದು ಯಾವ ಊರಿನ ಕಾಯಿ ಎಂಬುದೂ ಅಷ್ಟೇ ಮುಖ್ಯ. ಅಲ್ಲಿ ಪಕ್ಕದ ಜಿಲ್ಲೆಯ ಹೆಸರೆತ್ತಿದರೇ ಮೂಗು ಮುರಿಯುತ್ತಾರೆ. ಇನ್ನು ಇನ್ನೊಂದು ಖಂಡದ ಹೆಸರು! ನಾನು ನಕ್ಕೆ. ಗೆಳೆಯ ನಗಲಿಲ್ಲ. ಆಗ ಮಗಳು ತನ್ನ ಅಜ್ಜನ ಬಗ್ಗೆ ಎರಡನೆಯ ಮಾತು ತೆಗೆದಳು, ಅದನ್ನು ಹೇಳುವಾಗ ದನಿ ಸ್ವಲ್ಪ ತಗ್ಗಿತು.

“ಇನ್ನೊಂದು, ದಾದಾ ಖರೇನ ಹೋಗಿದ್ರೇನು? ಖರೇ ಇದ್ರ ನಾ ಬೇಕಾದ್ರ ಗಿರಾಕಿ ಜೋಡಿ ಜಗಳಾಡೇನು. ಹೋಗದವರ ಹೆಸರು ಹೇಳ್ಕೊಂಡು ಯಾಕ ಜಗಳಾಡ್ಲಿ? ಅವರು ಹೋಗಿದ್ರು ಅಂತ ಗೊತ್ತಿದ್ದವರು ಯಾರರೆ ಒಬ್ಬರು ಹೇಳ್ಲಿ. ಬೋರ್ಡ ಹಾಕ್ತೀನಿ.”

ಗೆಳೆಯ ನನ್ನ ಕಡೆ ನೋಡಿದ. ಅವನಿಗೆ ಗಂಡುಮಕ್ಕಳಿಲ್ಲ. ಮಗಳು ಅಡ್ಡಹೆಸರು ಬಿಟ್ಟು ತನ್ನ ಹೆಸರಿನ ಮುಂದೆ ಬರೀ ಒಂದಕ್ಷರ ಬರೆಯುತ್ತಾಳೆ. ಅಂಗಡಿಗೆ ಈ ಹೆಸರು ಬೀಳದಿದ್ದರೆ ಕಾಂಗೋ ಅವನಲ್ಲಿಗೆ ಮುಗಿಯುತ್ತದೆ, ಅದರ ಜೊತೆ ಅಪ್ಪನೂ ಮುಗಿಯುತ್ತಾನೆ ಎಂಬುದು ಅವನ ಹೆದರಿಕೆ. ಬಾಯಲ್ಲಿ ಮಾತ್ರ “ಚಹಾ ಮಾಡಸ್ತೀ ಇಲ್ಲೋ?” ಎಂದ.

ಆ ರಾತ್ರಿ ನಾನು ಮೊಬೈಲಿನಲ್ಲಿ ಆ ದೇಶದ ಕತೆ ಓದಿದೆ. ಚಿಕ್ಕಂದಿನಿಂದ ತಿಳಿದಿತ್ತು ಎಂದು ನಟಿಸಲಾರೆ. ಮೊದಲು ಅದು ಬೆಲ್ಜಿಯಂ ದೇಶದ ಒಬ್ಬ ರಾಜನ ಸ್ವಂತ ಆಸ್ತಿ. ನಮ್ಮಲ್ಲಿ ಹೊಲ ಇರುವ ಹಾಗೆ ಅವನಿಗೊಂದು ದೇಶ. ಅದಕ್ಕೆ ಅವನಿಟ್ಟ ಹೆಸರು ಕಾಂಗೋ ಸ್ವತಂತ್ರ ರಾಜ್ಯ. ಸ್ವತಂತ್ರನಾಗಿದ್ದವನು ಅವನೊಬ್ಬನೇ. ಅಲ್ಲಿಯ ಕ್ರೌರ್ಯ ಹೊರಗೆ ಗೊತ್ತಾಗಿ ರಾಜನ ಕೈಯಿಂದ ಸರಕಾರದ ಕೈಗೆ ಬಂದಾಗ ಬೆಲ್ಜಿಯನ್ ಕಾಂಗೋ. ಸ್ವಾತಂತ್ರ್ಯ ಬಂದಾಗ ಕಾಂಗೋ ಗಣರಾಜ್ಯ. ಅದೇ ಹೊತ್ತಿಗೆ ನದಿಯ ಆಚೆ ದಂಡೆಯ ದೇಶವೂ ಸ್ವತಂತ್ರವಾಗಿ ತಾನೂ ಕಾಂಗೋ ಎಂದಿತು. ಒಂದೇ ಓಣಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ನಾವು ಮಾಡುವುದನ್ನೇ ಜಗತ್ತೂ ಮಾಡಿತು, ರಾಜಧಾನಿಯ ಹೆಸರು ಅಂಟಿಸಿ ಕರೆಯಿತು. ಆಮೇಲೆ ನಡುವೆ ಪ್ರಜಾಸತ್ತಾತ್ಮಕ ಎಂಬ ಶಬ್ದ ಸೇರಿತು. ಆಮೇಲೆ ಒಬ್ಬ ಸೇನಾಧಿಕಾರಿ ಗದ್ದುಗೆ ಹಿಡಿದು, ದೇಶಕ್ಕೂ ನದಿಗೂ ದುಡ್ಡಿಗೂ ಮೂರಕ್ಕೂ ಜೈರೆ ಎಂದು ಒಂದೇ ಹೆಸರಿಟ್ಟ. ಜನಕ್ಕೂ ಬಿಡಲಿಲ್ಲ. ಪರದೇಶಿ ಹೆಸರುಗಳನ್ನು ಬಿಟ್ಟು ನಮ್ಮ ನೆಲದ ಹೆಸರು ಇಟ್ಟುಕೊಳ್ಳಿ ಎಂದು ಆಜ್ಞೆ ಮಾಡಿದ, ತನ್ನದನ್ನೂ ಬದಲಿಸಿಕೊಂಡ. ಅವನು ಓಡಿಹೋದ ಮೇಲೆ ದೇಶ ತಿರುಗಿ ಕಾಂಗೋ ಆಯಿತು, ಪ್ರಜಾಸತ್ತಾತ್ಮಕವೂ ಮರಳಿ ಬಂತು.

ಓದುತ್ತ ಒಂದು ವಿಷಯ ಹೊಳೆಯಿತು. ಆ ದೇಶ ಜೈರೆ ಆಗಿದ್ದಷ್ಟು ಕಾಲವೂ ಅಗಡಿಯ ಒಂದು ಮನೆ ಕಾಂಗೋ ಆಗಿಯೇ ಇತ್ತು. ಯಾವ ಸರಕಾರವೂ ಬಂದು ಬದಲಿಸು ಎನ್ನಲಿಲ್ಲ.

ಮರುದಿನ ಗೆಳೆಯನ ಸ್ಕೂಟರಿನಲ್ಲಿ ರಾಣೆಬೆನ್ನೂರಿಗೆ ಹೋದೆವು. ಅಲ್ಲಿ ಎಂಬತ್ತು ದಾಟಿದ ಒಬ್ಬ ನಿವೃತ್ತ ಸೈನಿಕರಿದ್ದಾರೆ, ಅವರು ಖಂಡಿತ ಕಾಂಗೋಕ್ಕೆ ಹೋಗಿ ಬಂದವರು ಎಂದು ಯಾರೋ ಹೇಳಿದ್ದರು. ಮನೆ ಸಿಕ್ಕಿತು. ಅಂಗಳದ ತುಂಬ ಜಾಳಿಗೆಯ ಮೇಲೆ ಟೊಮೆಟೊ ಬೀಜ ಒಣಹಾಕಿದ್ದರು. ಬೀಜದ ಕಂಪನಿಗಳಿಗೆ ಬೆಳೆದು ಕೊಡುವ ಮನೆ. ಚಪ್ಪಲಿ ಎಲ್ಲಿ ಬಿಡಬೇಕು ತಿಳಿಯದೆ ನಾವಿಬ್ಬರೂ ಒಂಟಿಕಾಲಲ್ಲಿ ನಿಂತಿದ್ದಾಗ ಒಳಗಿನಿಂದ ದನಿ ಬಂತು.

“ದಾಟಿ ಬರ್ರಿ, ತುಳದ್ರ ಮಾತ್ರ ಸೊಸಿ ಕೈಯಾಗ ಸಿಗ್ತೀರಿ. ಕುಂದ್ರಿ. ಏನ ಬಂದೀರಿ?”

ಗೆಳೆಯ ಹೇಳಿದ. ಮುದುಕರು ಕಿವಿಗೆ ಕೈಯಿಟ್ಟು ಕೇಳಿಸಿಕೊಂಡರು.

“ಯಾವ ಕಾಂಗೋ?”

“ಎಷ್ಟ ಅದಾವ್ರಿ?” ಎಂದ ಗೆಳೆಯ ಗಾಬರಿಯಿಂದ.

“ಎರಡು. ಹೊಳಿ ಆಚೆ ಒಂದು, ಈಚೆ ಒಂದು. ನಾವು ಹೋದದ್ದು ದೊಡ್ಡದಕ್ಕ.” ತಾವೇ ಮುಂದುವರಿಸಿದರು. “ಮುಂದ ಅದಕ್ಕ ಜೈರೆ ಅಂತ ಹೆಸರಿಟ್ರಲ್ಲ, ರೇಡಿಯೋದಾಗ ಕೇಳಿದೆ. ಯಾರೋ ನನ್ನ ಟ್ರಂಕ ಹೊತ್ಕೊಂಡ ಹೋದಂಗಾತು. ನಾ ಹೋಗಿ ಬಂದ ದೇಶಾನ ಇಲ್ಲ ಅಂದ್ರ, ನಾ ಹೋಗಿದ್ದು ಎಲ್ಲಿಗೆಪಾ?”

ಗೆಳೆಯನ ಮುಖ ಅರಳಿತು. ತನ್ನ ಅಪ್ಪ ಹೇಳುತ್ತಿದ್ದ ನದಿಯ ಕತೆಯನ್ನು ಅವನು ಒಂದೇ ಉಸಿರಿಗೆ ಹೇಳಿದ. ಆ ಕತೆ ನಾನೂ ಕೇಳಿದ್ದೆ. ಕರ್ಜಗಿ ಹತ್ತಿರ ವರದಾ ಐತಲ್ಲ, ಮಳೆಗಾಲದಾಗ, ಅಂಥಾವು ಒಂದು ನೂರು ತಂದು ಬಾಜೂಕ ಬಾಜೂಕ ಇಟ್ರ ಆ ಹೊಳಿ, ಆಚೆ ದಂಡಿ ಮ್ಯಾಲಿನ ಮನಷಾ ಕಾಣೂದಿಲ್ಲ. ಜೊತೆಗೆ ಮೆಣಸಿನಕಾಯಿ ಕತೆ: ಅಲ್ಲಿಯ ಜನ ಕಿರುಬೆರಳಿನ ಉಗುರಿನಷ್ಟು ಕಾಯಿ ತಿನ್ನುತ್ತಾರೆ, ಅದರ ಮುಂದೆ ನಮ್ಮ ಬ್ಯಾಡಗಿ ಎಂದರೆ ಬೆಲ್ಲ.

ಮುದುಕರು ಮೆಣಸಿನಕಾಯಿಗೆ ತಲೆಯಾಡಿಸಿದರು. “ಹೌದು, ಹೌದು. ನಾಲಿಗಿ ಸುಟ್ಕೊಂಡು ಕುಣದಾಡಿದ್ವಿ.” ನದಿಗೆ ಆಡಿಸಲಿಲ್ಲ. “ಹೊಳಿ? ನಾ ಇದ್ದಲ್ಲಿ ಹೊಳಿ ಇದ್ದಿಲ್ಲ ತಮ್ಮಾ. ತಾಮ್ರದ ಗಣಿ ಇದ್ವು. ಬರೇ ಕೆಂಪು ಧೂಳು.”

“ಅಂದ್ರ ನಮ್ಮ ಅಬ್ಬಾ...”

“ದೇಶ ದೊಡ್ಡದೈತಪಾ. ಹೊಳಿ ಕಡೆ ನಮ್ಮದೊಂದು ಮಿಲ್ಟ್ರಿ ದವಾಖಾನಿ ಇತ್ತು ಅಂತಿದ್ರು, ಅಲ್ಲಿ ಇದ್ದಿರಬಹುದು. ಹಡಗ ಹತ್ತದ ಇಲ್ಲೇ ಉಳಿದವರೂ ಇದ್ರು. ನಾವು ಬಂದು ಅವರಿಗೆ ಕತಿ ಹೇಳತಿದ್ವಿ, ಅವರು ಊರಿಗೆ ಹೋಗಿ ಹೇಳತಿದ್ರು. ಕತಿಗೆ ಏನು ರೇಶನ್ ಕಾರ್ಡ ಇರತೈತೇನು?”

ಗೆಳೆಯ ಮೊಬೈಲಿನಲ್ಲಿದ್ದ ಅಪ್ಪನ ಫೋಟೋ ತೋರಿಸಿದ. ಸಮವಸ್ತ್ರ, ಚೂಪು ಮೀಸೆ. ಮುದುಕರು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. “ಮೀಸಿ ಆವಾಗ ಎಲ್ಲಾರ್ದೂ ಹಿಂಗ ಇದ್ವು” ಎಂದು ಮೊಬೈಲು ವಾಪಸು ಕೊಟ್ಟರು.

ಹಿಂದಿರುಗುವಾಗ ಮೋಟೆಬೆನ್ನೂರಿನಲ್ಲಿ ಚಹಾಕ್ಕೆ ನಿಂತೆವು. ಗೆಳೆಯ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತೆಗೆಯುವುದನ್ನೇ ಮರೆತ, ಅದು ಕರಗಿ ತಳ ಸೇರಿತು.

“ಇಲ್ಲ ಅನ್ಲಿಲ್ಲಲ್ಲೋ ಅವರು” ಎಂದ.

“ಹೌದೂ ಅನ್ಲಿಲ್ಲ.”

“ನೀ ಬರಿಯಾವಲೇ. ನೀ ಹೋಗಿದ್ರು ಅಂತ ಬರದ್ಬಿಡ. ಅಚ್ಚಾದ್ದು ಅಂದ್ರ ನನ್ನ ಮಗಳು ನಂಬ್ತಾಳ. ನನ್ನ ಮಾತು ಕೇಳಂಗಿಲ್ಲ ಆಕಿ, ಪೇಪರಿನಾಗಿಂದು ಕೇಳ್ತಾಳ.”

ಬರೆಯಬಹುದಿತ್ತು. ಎರಡು ವಾಕ್ಯದ ಕೆಲಸ. ಹಡಗು, ಅದರ ಮೇಲೊಬ್ಬ ಅಗಡಿಯ ಹುಡುಗ, ದೂರದಲ್ಲಿ ದಂಡೆ. ನದಿಯ ವಾಸನೆಯನ್ನೂ ಸೇರಿಸಿಬಿಡುತ್ತಿದ್ದೆ, ಓದಿದವರು ಮೂಗು ಅರಳಿಸುತ್ತಿದ್ದರು. “ನಾ ಕಂಡಿಲ್ಲಲ್ಲೋ” ಎಂದೆ.

“ಕಂಡದ್ದ ಬರೀತೀಯೇನು ನೀ ಯಾವಾಗ್ಲೂ?”

ಇನ್ನೊಂದು ಚಹಾ ಹೇಳಿದೆ.

ಉಳಿದದ್ದು ಒಂದೇ ದಾರಿ, ಅವನ ತಾಯಿ. ಅವರು ಇಂದಿಗೂ ಅಗಡಿಯ ಕಾಂಗೋ ಮನೆಯಲ್ಲೇ ಇದ್ದಾರೆ, ಹಾವೇರಿಗೆ ಬಾ ಎಂದರೆ ಅಲ್ಲಿಯ ನೀರು ಸೇರುವುದಿಲ್ಲ ಎನ್ನುತ್ತಾರೆ. ಗೆಳೆಯನ ಮಗಳೂ ಅಲ್ಲಿಗೇ ಬಂದಿದ್ದಳು. ಅವಳ ದಾದಿ, ಅಂದರೆ ಅಜ್ಜಿ, ಒಲೆಯ ಮುಂದೆ ಕುಳಿತಿದ್ದರು. ಮೊಮ್ಮಗಳು ನೇರವಾಗಿ ಕೇಳಿದಳು.

“ದಾದಿ, ಖರೇ ಹೇಳ್ರಿ, ದಾದಾ ಕಾಂಗೋಕ್ಕ ಹೋಗಿದ್ರೋ ಇಲ್ಲೋ?”

“ನಂಗೇನ ಗೊತ್ತವ್ವಾ? ಅದು ನನ್ನ ಮದುವೀಕಿಂತ ಮೊದಲಿನ ಮಾತು. ನಮ್ಮ ತೌರಮನಿಯವ್ರು, ನಿನ್ನ ಕಾಂಗೋ ಮನಿಗೆ ಕೊಡಾಕತ್ತೀವಿ ಅಂದ್ರು. ನಾ ಗದಗ ಕಡೆ ಯಾವುದೋ ಊರು ಅನ್ಕೊಂಡೆ. ಬಂಡಿ ಅಗಡಿಗೇ ನಿಂತ್ಮ್ಯಾಲೆ, ಅಯ್ಯ, ಇಷ್ಟ ಹತ್ತರೇನು ಅಂದೆ.”

“ಹೊಳಿ ಕತಿ ನಿಮಗೂ ಹೇಳಿದ್ರಲ್ಲ ಅಮ್ಮಾ?” ಎಂದ ಗೆಳೆಯ.

“ಒಂದೊಂದ ಸಲ ಒಂದೊಂದ ನಮೂನಿ ಹೇಳತಿದ್ರು. ನಂಗ ರೊಟ್ಟಿ ಬಡಿಯೂದಿತ್ತು. ಕೇಳ್ಕೋತ ಕುಂತಿದ್ರ ನಿಮಗೆಲ್ಲ ಹೊಳಿ ನೀರ ಕುಡಸಬೇಕಾಗತಿತ್ತು.”

ನಾನು ನಡುವೆ ಬಾಯಿ ಹಾಕಿದೆ. ನನ್ನ ಬಳಿ ಒಂದು ಬಲವಾದ ಸಾಕ್ಷಿಯಿತ್ತು. ಜೈರೆ ಮತ್ತೆ ಕಾಂಗೋ ಆಯಿತು ಎಂಬ ಸುದ್ದಿ ಬಂದ ದಿನ, ಬಸ್ ನಿಲ್ದಾಣದ ಚಹಾದ ಅಂಗಡಿಯಲ್ಲಿ ಗೆಳೆಯನ ತಂದೆ ತೊಡೆ ತಟ್ಟಿ ನಕ್ಕದ್ದು, ‘ನಾ ಹೇಳಿದ್ದಿಲ್ಲೇನು?’ ಎಂದು ಕುಳಿತವರಿಗೆಲ್ಲ ಚಹಾ ಕೊಡಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಹೋಗದವರು ಹಾಗೆ ನಗುತ್ತಾರೆಯೇ?

ದಾದಿ ನನ್ನನ್ನು ಮರುಕದಿಂದ ನೋಡಿದರು. “ಅವರು ಅದಕ್ಕಿಂತ ಮೊದ್ಲ ತೀರಿದ್ರಲ್ಲೋ ಮಗನ. ಮಣ್ಣಿಗೆ ನೀನೂ ಬಂದಿದ್ದಿ.”

ಬಂದಿದ್ದೆ. ಈಗ ಅದೂ ನೆನಪಾಯಿತು. ಹಾಗಾದರೆ ಆ ನಗು ಯಾರದು, ಚಹಾ ಕೊಡಿಸಿದವರು ಯಾರು? ಗೆಳೆಯನ ಕಡೆ ತಿರುಗಿದೆ. “ನಾ ಅಲ್ಲಪಾ, ನಾ ಆವತ್ತು ಡ್ಯೂಟಿ ಮ್ಯಾಲಿದ್ದೆ” ಎಂದ. ನನ್ನ ಸಾಕ್ಷಿ ಅಲ್ಲೇ ಮಲಗಿತು. ಮಗಳು ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು.

“ಅಮ್ಮಾ, ಬೋರ್ಡಿಗೆ ಏನ ಬರಸೂದು? ನೀವ ಹೇಳಿಬಿಡ್ರಿ” ಎಂದು ಗೆಳೆಯ ಕೊನೆಯ ಸಲ ಕೇಳಿದ.

“ಅಂಗಡಿ ಆಕೀದು. ಹೆಸರೂ ಆಕೀದ” ಎಂದರು ದಾದಿ. ಅವನು ಮತ್ತೇನೋ ಹೇಳಹೋದಾಗ ಉರ್ದುವಿಗೆ ತಿರುಗಿ, “ತೂ ಚುಪ್ ಬೈಠ್ ರೇ” ಎಂದರು. ಅರವತ್ತು ದಾಟಿದ ನನ್ನ ಗೆಳೆಯ ಸುಮ್ಮನೆ ಕುಳಿತ.

ಬೋರ್ಡು ಏರಿತು. ಕೆಂಪು ನೆಲದ ಮೇಲೆ ಬಿಳಿ ಅಕ್ಷರ: ‘ಅಪ್ಪಟ ಬ್ಯಾಡಗಿ ಖಾರದ ಪುಡಿ ಮತ್ತು ಮಸಾಲೆ’. ಮಗಳು ಮಾತು ತಪ್ಪಲಿಲ್ಲ. ಗೊತ್ತಿದ್ದವರು ಯಾರೂ ಹೇಳಲಿಲ್ಲ, ಕಾಂಗೋ ಬರಲಿಲ್ಲ. ಗೆಳೆಯ ಎಂಟು ದಿನ ಮುನಿಸಿಕೊಂಡು ಮನೆಯಲ್ಲಿದ್ದ. ಆಮೇಲೆ ದಿನಾ ಬೆಳಗಿನ ಬಸ್ಸಿಗೆ ಹೋಗಿ ಅಂಗಡಿಯ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರತೊಡಗಿದ. ಹೆಸರಿಡದ ಅಂಗಡಿಗೆ ಜನ ತಾವೇ ಒಂದು ಹೆಸರು ಇಡುತ್ತಾರೆ, ನಮ್ಮ ಕಡೆ ಅದನ್ನು ತಪ್ಪಿಸುವುದು ಯಾರಿಂದಲೂ ಆಗದು. ಅವನು ಒಳಗೊಳಗೇ ಅದನ್ನೇ ಕಾಯುತ್ತಿದ್ದ ಎಂದು ಕಾಣುತ್ತದೆ. ನಾನೂ ಅಗಡಿಯವರು ಯಾರಾದರೂ ಬಂದು ಹೆಸರು ಹಚ್ಚಿ ಹೋಗುತ್ತಾರೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಬ್ಯಾಡಗಿಯ ಜನ ಕಂಡದ್ದು ಅವನನ್ನು: ಖಾಕಿ ಅಂಗಿ, ಕಿವಿಯ ಮೇಲೆ ಪೆನ್ನು, “ಬಾಗಲದಾಗ ನಿಂದರಬ್ಯಾಡ್ರಿ, ಒಳಗ ಸರೀರಿ, ಒಳಗ ಸರೀರಿ” ಎಂಬ ದನಿ. ತಿಂಗಳೊಳಗೆ ಅದು ಕಂಡಕ್ಟರ್ ಅಂಗಡಿ ಆಯಿತು.

ಅವನು ಫೋನ್ ಮಾಡಿದ. “ಜೈರೆ ಆದಾಗ ಉಳದಿತ್ತೋ ಹೆಸರು. ಬ್ಯಾಡಗ್ಯಾಗ ಹೋತ ನೋಡ.”

“ನಾ ಏನ ಮಾಡ್ಲಿ?”

“ನೀ ಒಂದ್ ಸಲ ಬಾ. ರಸ್ತೆ ಆಚೆ ನಿಂತು ಜೋರಾಗಿ ನನ್ನ ಕರಿ. ನಾಕು ಮಂದಿ ಕಿವ್ಯಾಗ ಬೀಳ್ಲಿ.”

ಹೋದೆ. ಮೆಣಸಿನಕಾಯಿ ಆವಕ ಜೋರಾಗಿದ್ದ ದಿನ. ಬಸ್ಸಿನಿಂದ ಇಳಿದವರೆಲ್ಲ ಸೀನುತ್ತಿದ್ದರು, ನಾನೂ ಎರಡು ಸಲ ಸೀನಿ, ಮೂಗು ಒರೆಸಿಕೊಂಡು, ರಸ್ತೆಯ ಆಚೆ ನಿಂತು ಇದ್ದಷ್ಟು ದನಿಯಲ್ಲಿ ಕೂಗಿದೆ. “ಏ ಕಾಂಗೋ!”

ಒಬ್ಬ ಹಮಾಲ ಚೀಲ ಹೊತ್ತುಕೊಂಡೇ ತಿರುಗಿ ನೋಡಿದ. ಗೆಳೆಯ ಕುರ್ಚಿಯಿಂದ ಎದ್ದು, ಏನೂ ಗೊತ್ತಿಲ್ಲದವನ ಹಾಗೆ, “ಯಾರಪಾ ಅದು, ಬಾ, ಬಾ” ಎಂದ. ನಟನೆ ಬಹಳ ಕೆಟ್ಟದಾಗಿತ್ತು. ಒಳಗಿನಿಂದ ಮಗಳು, “ಕಾಕಾ, ಸಾವಕಾಶ, ಗಂಟಲಾ ಹಿಡೀತೈತಿ” ಎಂದಳು.

ಪುಡಿ ಕೊಳ್ಳುತ್ತಿದ್ದ ಒಬ್ಬ ಹೆಂಗಸು ಕೇಳಿದರು. “ಕಾಂಗೋ ಅಂದ್ರೇನ್ರಿ?”

ಗೆಳೆಯ ಎದೆ ಮುಂದೆ ಮಾಡಿದ. “ನಮ್ಮ ಅಬ್ಬಾ ಮಿಲ್ಟ್ರಿಯಾಗಿದ್ರು ನೋಡ್ರಿ...” ಎಂದವನು ಮಗಳ ಮುಖ ನೋಡಿ ನಿಲ್ಲಿಸಿದ. ಮುಂದಿನ ವಾಕ್ಯವನ್ನು ಅವಳೆದುರು ಹೇಳುವುದು ಅವನಿಂದಾಗಲಿಲ್ಲ. ಹೆಂಗಸು ಕಾಯುತ್ತಿದ್ದರು.

ಮಗಳು ತಕ್ಕಡಿಯಿಂದ ಕಣ್ಣೆತ್ತದೆ ಹೇಳಿದಳು. “ಆಫ್ರಿಕಾದಾಗ ಒಂದು ದೇಶ ಐತ್ರಿ. ನಮ್ಮ ದಾದಾ ಹೋಗಿದ್ರೋ ಇಲ್ಲೋ ಯಾರಿಗೂ ಗೊತ್ತಿಲ್ಲ. ನಮ್ಮ ಮನಿಗೆ ಮಾತ್ರ ಹಂಗ ಅಂತಾರ.”

“ಹೌದೇನವ್ವಾ” ಎಂದು ಆ ಹೆಂಗಸು ಪೊಟ್ಟಣ ತೆಗೆದುಕೊಂಡು ಹೊರಟರು. ಬಾಜೂಕಿನ ಅಂಗಡಿಗೆ ಹೋಗಲಿಲ್ಲ. ಗೆಳೆಯ ಮತ್ತೆ ಕುರ್ಚಿಯ ಮೇಲೆ ಕುಳಿತು, ಬಾಗಿಲಲ್ಲಿ ನಿಂತವರನ್ನು ಒಳಗೆ ಸರಿಸತೊಡಗಿದ.

ಗೆಳೆಯನ ತಂದೆ ಹಡಗು ಹತ್ತಿದ್ದರೋ, ದಂಡೆಯಲ್ಲೇ ಉಳಿದು ಹತ್ತಿದವರ ಮಾತು ಕೇಳಿ ಬಂದಿದ್ದರೋ, ನನಗೆ ಗೊತ್ತಿಲ್ಲ. ತಿಳಿಯಬಹುದಾದ ದಾರಿಯೂ ಈಗ ಯಾವುದೂ ಉಳಿದಂತಿಲ್ಲ.